ಮನುಷ್ಯರೇ ಸಾಯುತ್ತಿರುವಾಗ ಬೆಕ್ಕುಗಳಿಗೇಕೆ ಆಶ್ರಯ?

ಸಿರಿಯಾದ ಅಲೆಪ್ಪೊ ನಗರದಲ್ಲಿ ಬಾಂಬುಗಳು ಬೀಳುತ್ತಿರುವಾಗ ಒಬ್ಬ ವ್ಯಕ್ತಿ ಬೆಕ್ಕುಗಳಿಗೆ ಆಶ್ರಯಧಾಮ ನಡೆಸುತ್ತಿದ್ದಾರೆ ಎಂಬ ವಾರ್ತೆ ಕೇಳಿದವರಲ್ಲಿ ಅನೇಕರು ಎತ್ತಿದ ಪ್ರಶ್ನೆ ಇದು. ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕುಸಿದ ಕಟ್ಟಡಗಳ ಅಡಿಯಿಂದ ಹಸುಳೆಗಳ ಶವಗಳನ್ನು ಹೊರತೆಗೆಯುತ್ತಿದ್ದ ಊರದು. ಅಲ್ಲಿ ಒಂದು ಹಿಡಿ ಮಾಂಸ ಬೆಕ್ಕಿನ ತಟ್ಟೆಗೆ ಹೋಯಿತೆಂದರೆ ಹಸಿದ ಮಗುವಿನ ತಾಯಿಗೆ ನೋವಾಗದಿರುತ್ತದೆಯೇ? ಆದರೂ ತೀರ್ಪು ಕೊಡುವ ಮೊದಲು ಆ ವ್ಯಕ್ತಿ ಯಾರು, ಆತನ ದಿನಚರಿ ಏನಾಗಿತ್ತು ಎಂಬುದನ್ನು ತಿಳಿಯುವುದು ನ್ಯಾಯ.

ಅವರ ಹೆಸರು ಮುಹಮ್ಮದ್ ಅಲಾ ಅಲ್-ಜಲೀಲ್. ಯುದ್ಧಕ್ಕೆ ಮುನ್ನ ವಿದ್ಯುತ್ ಕೆಲಸಗಾರರಾಗಿದ್ದವರು. 2012ರ ಜುಲೈಯಲ್ಲಿ ಕಾಳಗ ಅಲೆಪ್ಪೊ ನಗರದೊಳಗೆ ಕಾಲಿಟ್ಟಾಗ ಸಾಧ್ಯವಿದ್ದವರು ಊರು ಬಿಟ್ಟರು, ಅವರು ಉಳಿದರು. ಆಂಬುಲೆನ್ಸ್ ಓಡಿಸುತ್ತಾ ಗಾಯಾಳುಗಳನ್ನು ಎತ್ತಿ ತರುವುದು ಅವರ ಕೆಲಸವಾಯಿತು. ವಲಸೆ ಹೋದವರ ಬೆಕ್ಕುಗಳು ಬೀಗ ಹಾಕಿದ ಮನೆಗಳ ಮುಂದೆ ಕಾದು ಕುಳಿತಿರುವುದನ್ನು ಅವರು ಕಂಡರು. ಒಂದೆರಡಕ್ಕೆ ಊಟವಿಟ್ಟರು, ಅವು ಹತ್ತಾದವು, ಇಪ್ಪತ್ತಾದವು, ಮುಂದೆ ನೂರನ್ನೂ ದಾಟಿದವು. ಊರು ಬಿಡುವವರು ತಾವಾಗಿಯೇ ಬಂದು ತಮ್ಮ ಬೆಕ್ಕುಗಳನ್ನು ಒಪ್ಪಿಸತೊಡಗಿದರು. ಮರಿಯಿಂದ ಸಾಕಿದ ಬೆಕ್ಕನ್ನು ಅವರ ಕೈಗಿತ್ತು ತುರ್ಕಿಗೆ ಹೋದ ಒಬ್ಬ ಪುಟ್ಟ ಬಾಲಕಿಗೆ ಅವರು ಅದರ ಚಿತ್ರಗಳನ್ನು ತೆಗೆದು ಕಳುಹಿಸುತ್ತಿದ್ದರು. ಮರಳಿ ಬಂದಾಗ ತನ್ನ ಬೆಕ್ಕು ತನಗೆ ಸಿಗಬೇಕೆಂಬುದು ಆ ಮಗುವಿನ ಕೋರಿಕೆ. ಇದು ಅಮಾನತ್ ಅಲ್ಲವೇ?

ಇಟಲಿಯ ಅಲೆಸ್ಸಾಂಡ್ರಾ ಅಬಿದಿನ್ ಎಂಬ ಮಹಿಳೆ ಈ ವಾರ್ತೆ ತಿಳಿದು ಫೇಸ್‌ಬುಕ್ ಮೂಲಕ ನೆರವು ಸಂಗ್ರಹಿಸಿದರು. ಕ್ಯಾನ್ಸರಿನಿಂದ ಸತ್ತ ಆಕೆಯ ಬೆಕ್ಕು ಎರ್ನೆಸ್ಟೊ. ಆಶ್ರಯಧಾಮಕ್ಕೆ ಅದರದ್ದೇ ಹೆಸರು ಬಂತು. 2016ರ ನವೆಂಬರಿನಲ್ಲಿ ಅದು ಬಾಂಬಿಗೂ ಕ್ಲೋರಿನ್ ಅನಿಲಕ್ಕೂ ಗುರಿಯಾಯಿತು. ಬಹುತೇಕ ಬೆಕ್ಕುಗಳು ಸತ್ತವು. ಡಿಸೆಂಬರಿನಲ್ಲಿ ಪೂರ್ವ ಅಲೆಪ್ಪೊ ತೆರವಾದಾಗ ಅಲಾ ಉಳಿದ ಕೆಲವನ್ನು ಜೊತೆಗೊಯ್ದು, 2017ರಲ್ಲಿ ನಗರದ ಪಶ್ಚಿಮಕ್ಕಿರುವ ಕಫ್ರ್ ನಾಹಾದಲ್ಲಿ ಹೊಸ ಧಾಮ ಕಟ್ಟಿದರು. 2020ರ ಆರಂಭದಲ್ಲಿ ಕಾಳಗ ಅಲ್ಲಿಗೂ ಬಂತು. ಮತ್ತೆ ಗಂಟುಮೂಟೆ ಕಟ್ಟಿ ಇದ್ಲಿಬ್ ಕಡೆಗೆ ಸಾಗಬೇಕಾಯಿತು.

ಈಗ ಪ್ರಶ್ನೆಗೆ ಬರೋಣ. ಮನುಷ್ಯರನ್ನು ಬಿಟ್ಟು ಬೆಕ್ಕುಗಳನ್ನು ಹಿಡಿದುಕೊಂಡರೆಂಬುದು ಆಕ್ಷೇಪ. ಗಾಯಾಳುವಿನ ಸ್ಟ್ರೆಚರ್ ಎತ್ತಿದ ಕೈಯೇ ಬೆಕ್ಕಿನ ತಟ್ಟೆಯನ್ನೂ ತುಂಬಿತು ಎಂಬುದು ವಾಸ್ತವ. ಬೆಕ್ಕಿನ ಹೆಸರಿನಲ್ಲಿ ಬಂದ ಹಣದಿಂದ ನೆರೆಯವರಿಗಾಗಿ ಬಾವಿ ತೋಡಲಾಯಿತು, ಮಕ್ಕಳಿಗೆ ಆಟದ ಅಂಗಳವಾಯಿತು, ಅನಾಥ ಮಕ್ಕಳಿಗೂ ನೆರವು ದೊರೆಯಿತು. ಹೃದಯದಲ್ಲಿ ಕರುಣೆ ಅಳತೆಮಾಡಿ ಇಟ್ಟ ಅಕ್ಕಿಯಂತಿದ್ದು, ಬೆಕ್ಕಿಗೆ ಒಂದು ಸೇರು ಹೋದರೆ ಮಗುವಿಗೆ ಒಂದು ಸೇರು ಕಡಿಮೆಯಾಗುತ್ತದೆ ಎಂದು ಭಾವಿಸಿದವರು ಈ ಲೆಕ್ಕವನ್ನು ನೋಡಬೇಕು. ಪ್ರಾಣಿಗೆ ಮರುಗದವರು ಆ ಉಳಿತಾಯದಿಂದ ಮನುಷ್ಯರಿಗೆ ಹೆಚ್ಚು ಮರುಗಿದ್ದನ್ನು ನಾವಂತೂ ಕಂಡಿಲ್ಲ.

ಹಣದ ವಿಷಯದಲ್ಲಿ ಇನ್ನೊಂದು ಮಾತು. ನಮ್ಮ ಫಿಕ್ಹ್ ಪ್ರಕಾರ ಝಕಾತಿನ ಎಂಟು ವಿಭಾಗಗಳ ಹಕ್ಕುದಾರರು ಮನುಷ್ಯರು. ಬೆಕ್ಕಿನ ಆಹಾರಕ್ಕೆ ಬರುವುದು ಐಚ್ಛಿಕ ಸದಕಾ ಅಥವಾ ವಕ್ಫ್. ಹಾಗಿರುವಾಗ ಅನಾಥನ ಪಾಲನ್ನು ಬೆಕ್ಕು ಕಸಿಯಿತೆಂಬ ವಾದ ಲೆಕ್ಕಪತ್ರದಲ್ಲಿಯೇ ನಿಲ್ಲುವುದಿಲ್ಲ.

ಆದರೆ ಈ ಪ್ರಶ್ನೆಯ ಒಳಗೆ ಬೇರೊಂದು ನೋವು ಅಡಗಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಅಲೆಪ್ಪೊದ ಮಕ್ಕಳ ಚಿತ್ರಗಳನ್ನು ನೋಡಿ ಪುಟ ತಿರುವಿದ ಲೋಕ, ಬೆಕ್ಕಿನ ಚಿತ್ರ ನೋಡಿ ಕಣ್ಣೊರೆಸಿಕೊಂಡಿತು. ಅದೇ ಮಗು ನಿರಾಶ್ರಿತನಾಗಿ ಗಡಿಗೆ ಬಂದಾಗ ಮುಳ್ಳುತಂತಿ ಹಾಕಿದವರೂ ಇದ್ದರು. ಈ ದೂರು ನಿಜ. ಆದರೆ ಅದು ಆ ಲೋಕದ ಮೇಲಿರುವ ದೂರು; ಅದನ್ನು ಹೊತ್ತು ತಂದು ಅಲಾ ಅವರ ಬಾಗಿಲಲ್ಲಿ ಇಳಿಸುವುದು ಅನ್ಯಾಯ. ಅವರು ಆ ಕನಿಕರವನ್ನು ನಿರಾಕರಿಸಲಿಲ್ಲ, ಅದನ್ನು ಬಾವಿಯತ್ತ, ಮಕ್ಕಳತ್ತ ತಿರುಗಿಸಿದರು. ಇದಕ್ಕಿಂತ ವಿವೇಕದ ದಾರಿ ನಮಗೆ ತೋಚುತ್ತಿಲ್ಲ.

ಬೆಕ್ಕನ್ನು ಕಟ್ಟಿಹಾಕಿ ಹಸಿವಿನಿಂದ ಕೊಂದ ಸ್ತ್ರೀಯ ಹದೀಸ್ ಪ್ರವಚನಗಳಲ್ಲಿ ಕೇಳಿ ಕೇಳಿ ನಮಗೆಲ್ಲ ಕಂಠಪಾಠವಾಗಿದೆ. ಅದು ಮನೆಯೊಳಗಿನ, ಶಾಂತಿಕಾಲದ ಸಂಗತಿ. ಯುದ್ಧಕಾಲದ ಸಂಗತಿಗಳು ಅಷ್ಟು ಪ್ರಚಾರದಲ್ಲಿಲ್ಲ. ಹಿಜ್ರಿ 8ರಲ್ಲಿ ಪ್ರವಾದಿ ಮುಹಮ್ಮದ್(ಸ)ರು ಮಕ್ಕಾದತ್ತ ಸೇನೆಯೊಂದಿಗೆ ಸಾಗುತ್ತಿದ್ದಾಗ ದಾರಿಯಲ್ಲಿ ಒಂದು ಹೆಣ್ಣುನಾಯಿ ತನ್ನ ಮರಿಗಳಿಗೆ ಹಾಲೂಡುತ್ತಿತ್ತು. ಸಾವಿರಾರು ಮಂದಿಯ ಕಾಲ್ತುಳಿತಕ್ಕೆ ಅವು ಸಿಗದಂತೆ ಜುಐಲ್ ಬಿನ್ ಸುರಾಕಾ(ರ)ರನ್ನು ಅಲ್ಲಿ ಕಾವಲು ನಿಲ್ಲಿಸಿದರೆಂದು ಇತಿಹಾಸಕಾರ ವಾಕಿದೀ ದಾಖಲಿಸುತ್ತಾರೆ. ಒಂದು ಸೇನೆಯ ಯೋಧ, ಒಂದು ನಾಯಿಗೆ ಕಾವಲು! ಮುಂದೆ ಅಬೂಬಕರ್(ರ)ರು ಇದೇ ಶಾಮ್ ನಾಡಿನತ್ತ ಸೇನೆ ಕಳುಹಿಸುವಾಗ ಫಲ ಕೊಡುವ ಮರ ಕಡಿಯಬಾರದು, ಆಹಾರಕ್ಕಲ್ಲದೆ ಆಡು-ಒಂಟೆಗಳನ್ನು ಕೊಲ್ಲಬಾರದು ಎಂದು ಆಜ್ಞಾಪಿಸಿದರು. ಇಮಾಮ್ ಮಾಲಿಕರ ಮುವತ್ತಾದಲ್ಲಿ ಅದಿದೆ. ದಮಾಸ್ಕಸ್‌ನಲ್ಲಿ ಜನಿಸಿ 1262ರಲ್ಲಿ ನಿಧನರಾದ ಇಝ್ಝುದ್ದೀನ್ ಬಿನ್ ಅಬ್ದುಸ್ಸಲಾಂ ಪ್ರಾಣಿಗಳ ಹಕ್ಕುಗಳನ್ನು ಎಣಿಸುತ್ತಾ, ಮುಪ್ಪಿನಿಂದಲೋ ರೋಗದಿಂದಲೋ ಉಪಯೋಗಕ್ಕೆ ಬಾರದಂತಾದ ಪ್ರಾಣಿಗೂ ಅದರ ಆಹಾರ ಸಲ್ಲಬೇಕೆಂದು ಬರೆದರು. ಉಪಯೋಗಕ್ಕೆ ಬಾರದ್ದು ಎಂಬ ಮಾತನ್ನು ಗಮನಿಸಿರಿ. ಕಣ್ಣು ಹೋದ, ಕಾಲು ಮುರಿದ ಬೆಕ್ಕಿನಿಂದ ಯಾರಿಗೆ ಏನು ಪ್ರಯೋಜನ?

ಅದೇ ಸಿರಿಯಾದಲ್ಲಿ 2013ರ ಬಕ್ರೀದಿನ ವೇಳೆಗೆ ಮುತ್ತಿಗೆಯಲ್ಲಿ ಸಿಲುಕಿದ ದಮಾಸ್ಕಸ್ ಹೊರವಲಯದ ವಿದ್ವಾಂಸರು ಬೆಕ್ಕು, ನಾಯಿ, ಕತ್ತೆಗಳ ಮಾಂಸವನ್ನು ತಿನ್ನಲು ಅನುಮತಿಸುವ ಫತ್ವಾ ನೀಡಬೇಕಾಯಿತು. ಪ್ರಾಣ ಉಳಿಸಿಕೊಳ್ಳುವ ಅನಿವಾರ್ಯತೆಯಲ್ಲಿ ನಿಷಿದ್ಧವಾದುದಕ್ಕೂ ಅನುಮತಿಯಿದೆ; ಆ ಫತ್ವಾದ ಮೇಲೆ ನಮಗೆ ಆಕ್ಷೇಪವಿಲ್ಲ. ಬೆಕ್ಕಿಗೆ ಅನ್ನವಿಟ್ಟ ಅಲಾ ಮತ್ತು ಬೆಕ್ಕನ್ನು ತಿನ್ನಲು ಒಪ್ಪಿದ ಆ ಹಸಿದ ತಂದೆ ಪರಸ್ಪರ ವಿರೋಧಿಗಳೆಂದು ತಿಳಿಯುವವರು ಶರೀಅತ್ತನ್ನೂ ಹಸಿವನ್ನೂ ಅರಿತಿಲ್ಲ. ಇಬ್ಬರನ್ನೂ ಅಂಥ ಸ್ಥಿತಿಗೆ ತಂದು ನಿಲ್ಲಿಸಿದ್ದು ಮುತ್ತಿಗೆ. ಪ್ರಶ್ನೆ ಕೇಳಬೇಕಾದದ್ದು ಮುತ್ತಿಗೆ ಹಾಕಿದವರನ್ನು.

ಕಫ್ರ್ ನಾಹಾದ ಧಾಮದಲ್ಲಿ ಪಶುವೈದ್ಯರ ಚಿಕಿತ್ಸಾಲಯವೂ ಇತ್ತು, ಚಿಕಿತ್ಸೆ ಉಚಿತ. ಬೆಕ್ಕುಗಳಿಗಾಗಿ ತೆರೆದ ಆ ಬಾಗಿಲಿಗೆ ಸುತ್ತಲಿನ ರೈತರು ತಮ್ಮ ಹಸು, ಕುರಿ, ಕುದುರೆಗಳನ್ನೂ ಕರೆತಂದರು. ಎಲ್ಲವನ್ನೂ ಕಳೆದುಕೊಂಡ ಮನೆಯಲ್ಲಿ ಉಳಿದಿರುವುದು ಒಂದೇ ಹಸುವಾಗಿದ್ದರೆ, ಅದರ ಕೆಚ್ಚಲಿನ ಸೋಂಕು ವಾಸಿಯಾದ ದಿನ ಆ ಮನೆಯ ಮಕ್ಕಳಿಗೆ ಹಾಲು ಸಿಗುತ್ತದೆ.