ಹೊಸ್ತಿಲೊಳಗಿನ ಮಡಿ, ಬೇಲಿಯಾಚೆಗಿನ ಮೈಲಿಗೆ

ಉಡುಪಿಯ ಸೀಮೆಯ ಗೃಹಸ್ಥನು ಶುಚಿತ್ವದ ವಿಷಯದಲ್ಲಿ ಯಾರಿಗೂ ತಲೆಬಾಗತಕ್ಕವನಲ್ಲ. ಬೆಳಕು ಹರಿಯುವುದರೊಳಗೆ ಅಂಗಳ ಗುಡಿಸಿ ಮುಗಿದಿರುವುದು. ತುಳಸಿಕಟ್ಟೆಯ ಸುತ್ತ ನೀರು ಬಿದ್ದಿರುವುದು. ಅಡುಗೆಮನೆಗೆ ಬೀದಿಯ ಧೂಳೂ ಸೋಂಕದು. ಆದರೆ ಇಷ್ಟು ನಿಷ್ಠೆಯುಳ್ಳ ಮನೆಯ ಹಿತ್ತಿಲಿಗೆ ಹೋಗಿ ನೋಡಿದರೆ ಕಾಣುವ ನೋಟವೇ ಬೇರೆ. ಬಚ್ಚಲ ಒಲೆಯಲ್ಲಿ ಗೆರಟೆ ಕೊತ್ತಳಿಗೆಗಳ ನಡುವೆ ಪ್ಲಾಸ್ಟಿಕ್ ತೊಟ್ಟೆಗಳು ಉರಿಯುತ್ತಿರುವುವು. ಉಳಿದುದು ಗಂಟುಕಟ್ಟಿಸಿಕೊಂಡು ರಸ್ತೆಯ ತಿರುವನ್ನೋ ತೋಡನ್ನೋ ಸೇರಿರುವುದು. ತನ್ನ ಹೊಲಸು ಬೇಲಿ ದಾಟಿದೊಡನೆ ತನ್ನ ಧರ್ಮವೂ ಮುಗಿಯಿತೆಂದೆಣಿಸುವ ಈ ಶುದ್ಧಿಗೆ ಶುದ್ಧಿಯೆಂಬ ಹೆಸರು ಸಲ್ಲುವುದೇ?

ಬೇಲಿಯಾಚೆ ಎಂಬುದು ಎಲ್ಲಿಯೂ ಇಲ್ಲದ ಊರಲ್ಲ. ಉಡುಪಿ ನಗರದ ಕಸದ ಮಟ್ಟಿಗೆ ಅದಕ್ಕೆ ಅಲೆವೂರಿನ ಕರ್ವಾಲು ಎಂದು ಹೆಸರು. ಅಲ್ಲಿಯೂ ಸಂಸಾರಗಳುಂಟು, ಅಂಗಳಗಳುಂಟು, ಬಾವಿಗಳುಂಟು. ನಗರದ ಕೊಳಚೆಯನ್ನು ಹೊತ್ತ ಇಂದ್ರಾಣಿ ಹೊಳೆಯ ದಡದಲ್ಲಿ ಎಷ್ಟೋ ಮನೆಗಳವರು ತಮ್ಮ ಬಾವಿಯ ನೀರನ್ನು ಬಾಯಿಗಿಡಲಾರದೆ ಹೋದರು. ಮುಸುರೆಯೊಡನೆ ಕಾಗದ, ಗಾಜಿನ ಚೂರು, ಮದ್ದಿನ ಸೀಸೆಗಳನ್ನು ಒಂದೇ ತೊಟ್ಟೆಯಲ್ಲಿ ತುಂಬಿ ಕೊಟ್ಟರೆ ಅದನ್ನು ಬಿಚ್ಚಿ ಬೇರ್ಪಡಿಸುವ ಕೈ ಒಬ್ಬ ಪೌರಕಾರ್ಮಿಕನದು. ಒಬ್ಬನ ಮಡಿಯು ಮತ್ತೊಬ್ಬನ ಬೆರಳಿನ ಗಾಯದಿಂದ ಉಳಿಯುವುದಾದರೆ ಅದು ಆಚಾರವಲ್ಲ, ಅನಾಚಾರ.

ಸುಟ್ಟುಬಿಟ್ಟರೆ ತೀರಿತೆಂಬ ಜಾಣತನವು ಇನ್ನೂ ಅನರ್ಥಕಾರಿ. ಬಗೆಬಗೆಯ ಪ್ಲಾಸ್ಟಿಕ್ಕನ್ನು ಬಚ್ಚಲೊಲೆಯ ಮಂದ ಉರಿಯಲ್ಲಿ ಸುಟ್ಟರೆ, ಅದರಲ್ಲಿಯೂ ಕ್ಲೋರಿನ್ನುಳ್ಳ ಪಿ.ವಿ.ಸಿ. ಸೇರಿದ್ದರೆ, ಡಯಾಕ್ಸಿನ್ ಎಂಬ ದೀರ್ಘಕಾಲ ಅಳಿಯದ ವಿಷವು ಹುಟ್ಟುವುದು. ಹೊಗೆಯನ್ನು ಮನೆಯ ಮಕ್ಕಳೇ ಉಸಿರಾಡುವರು. ಬೂದಿಯು ಹಿತ್ತಿಲ ಬಸಳೆಯ ಬುಡಕ್ಕೆ ಬೀಳುವುದು. ಬಸಳೆಯು ಮರಳಿ ಬಟ್ಟಲಿಗೆ ಬರುವುದು. ಹೊರಗಟ್ಟಿದೆನೆಂದುಕೊಂಡ ಮೈಲಿಗೆಯು ಹೊಸ್ತಿಲನ್ನು ದಾಟಿಯೇ ಇರಲಿಲ್ಲ!

ನೀರಿನ ವಿಷಯದಲ್ಲಿಯೂ ಇದೇ ಕುರುಡು. ವರ್ಷಕ್ಕೆ 4000 ಮಿಲ್ಲಿಮೀಟರಿನಷ್ಟು ಮಳೆ ಕಾಣುವ ನಾಡಿದು. ಆದರೂ 2019ರ ಮೇ ತಿಂಗಳಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟು ಬರಿದಾಗಿ ನಗರವಾಸಿಗಳು ಸರದಿಯ ನೀರಿಗೆ ಕಾದು ಕುಳಿತರು. ಅಂಗಳಕ್ಕೆ ಇಂಟರ್‌ಲಾಕ್ ಹಾಸಿ, ಮಾಡಿನಿಂದ ಬಿದ್ದ ಮಳೆಯನ್ನೆಲ್ಲ ಚರಂಡಿಗೆ ನೂಕಿ, ಬೇಸಗೆಯಲ್ಲಿ ಟ್ಯಾಂಕರನ್ನು ಕರೆಯುವುದು ಯಾವ ವಿವೇಕ? ಹೊಲಸಿನಂತೆಯೇ ಜಲವೂ ಬೇಲಿಯಾಚೆಗೆ ಹೋಗಲೆಂಬ ಈ ಬುದ್ಧಿಗೆ ಏನೆನ್ನಬೇಕು?

ಕಾನೂನಿಲ್ಲವೆಂದು ಹೇಳುವಂತಿಲ್ಲ. ಮನೆಯಲ್ಲಿಯೇ ಹಸಿಕಸ, ಒಣಕಸ, ಅಪಾಯಕರ ಕಸವೆಂದು ಮೂರಾಗಿ ವಿಂಗಡಿಸಬೇಕೆಂದು ಕೇಂದ್ರ ಸರಕಾರದ 2016ರ ನಿಯಮಗಳು ವಿಧಿಸಿದುವು. ಅದೇ ವರ್ಷದ ಮಾರ್ಚಿಯಲ್ಲಿ ಕರ್ನಾಟಕ ಸರಕಾರವು ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸುಡುವ ಹಲವು ಪ್ಲಾಸ್ಟಿಕ್ ಸಾಮಾನುಗಳಿಗೆ ದೇಶದಲ್ಲೆಲ್ಲ ತಡೆಯಾಯಿತು. ಸರಕಾರದ ಆಜ್ಞೆಯು ಅಂಗಡಿಯ ಬಾಗಿಲವರೆಗೆ ಬರಬಲ್ಲುದು. ಅಡುಗೆಮನೆಯ ಮೂಲೆಗೆ ಬರತಕ್ಕದ್ದು ಗೃಹಸ್ಥನ ಮನಸ್ಸಾಕ್ಷಿಯೊಂದೇ.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಕಾರ್ಖಾನೆಗಳ ಹೊಗೆಯ ಮುಂದೆ ಒಂದು ಮನೆಯ ಕಸವೆಷ್ಟರದೆಂದು ಕೆಲವರು ಕೇಳುವರು. ಕಾರ್ಖಾನೆಗಳನ್ನು ಪ್ರಶ್ನಿಸುವ ಹಕ್ಕು ಎಲ್ಲರಿಗೂ ಉಂಟು, ಪ್ರಶ್ನಿಸಲೂಬೇಕು. ಆದರೆ ತನ್ನ ಬಚ್ಚಲಿನ ಹೊಗೆಗೆ ಉತ್ತರ ಕೊಡಲಾರದವನ ಪ್ರಶ್ನೆಗೆ ತೂಕ ಬಾರದು. ಅಜ್ಜಿಯ ಕಾಲಕ್ಕೆ ಹಿಂದಿರುಗೆಂಬ ಉಪದೇಶವಿದೆಂದು ಇನ್ನು ಕೆಲವರು ನಗುವರು. ಅಜ್ಜಿಯ ಕಾಲದ ದಾರಿದ್ರ್ಯವನ್ನು ಯಾರೂ ಬಯಸುವುದಿಲ್ಲ. ಆ ಕಾಲದ ಲೆಕ್ಕಾಚಾರವನ್ನು ಬಯಸಿದರೆ ಸಾಕು. ಮೂರನೆಯ ಆಕ್ಷೇಪವು ಗೃಹಿಣಿಯರದು, ಮತ್ತು ಅದು ನ್ಯಾಯವಾದದ್ದು: ಪರಿಸರದ ಭಾಷಣ ಗಂಡಸರದು, ಕಸ ಬೇರ್ಪಡಿಸುವ ದುಡಿಮೆ ಹೆಂಗಸರದು! ಪೇಟೆಗೆ ಹೋಗುವಾಗ ಬಟ್ಟೆಯ ಚೀಲವನ್ನು ಹಿಡಿಯಲು ನಾಚುವ ಯಜಮಾನನಿಗೆ ಮನೆಯವರಿಗೆ ಬುದ್ಧಿ ಹೇಳುವ ಅಧಿಕಾರವಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ಅಸಾಧ್ಯವಾದದ್ದೇನೂ ಇಲ್ಲ. ಹಿತ್ತಿಲುಳ್ಳವರು ಹಸಿಕಸವನ್ನು ತೆಂಗಿನ ಬುಡಕ್ಕೆ ಹಾಕಿ ಮಣ್ಣು ಮುಚ್ಚಲಿ. ಮಣಿಪಾಲದ ಮಹಡಿಮನೆಗಳಲ್ಲಿ ವಾಸಿಸುವವರು ತೂತುಗಳುಳ್ಳ ಮಣ್ಣಿನ ಮಡಕೆಯಲ್ಲಿ ಒಣಗಿದ ಎಲೆಯನ್ನೋ ತೆಂಗಿನ ನಾರಿನ ಪುಡಿಯನ್ನೋ ಬೆರಸಿಟ್ಟರೆ ಎರಡು ಮೂರು ತಿಂಗಳಲ್ಲಿ ನಾತವಿಲ್ಲದ ಗೊಬ್ಬರವಾಗುವುದು. ಗಾಳಿ ತಾಗದಂತೆ ತೊಟ್ಟೆಯಲ್ಲಿ ಕಟ್ಟಿಟ್ಟಾಗಲೇ ಅದು ಕೊಳೆತು ನಾರುವುದು. ಒಣಕಸವನ್ನು ತೊಳೆದು ಒಣಗಿಸಿ ಕೊಟ್ಟರೆ ಅದಕ್ಕೆ ಮರುಜನ್ಮವುಂಟು. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ಹಲವು ಗ್ರಾಮ ಪಂಚಾಯತಿಗಳ ಒಣಕಸವನ್ನು ವಿಂಗಡಿಸಿ ಮರುಬಳಕೆಗೆ ಕಳುಹಿಸುವ ಘಟಕವೇ ಏರ್ಪಟ್ಟಿದೆ. ಅನ್ನದ ಮುಸುರೆ ಬಡಿದ ಕಾಗದವು ಅಲ್ಲಿಗೆ ಹೋದರೂ ಕಸವೇ. ಮಾಡಿನ ನೀರನ್ನು ಸೋಸಿ ಬಾವಿಗಿಳಿಸಲು ಒಂದು ಕೊಳವೆ, ಒಂದಿಷ್ಟು ಮರಳು, ಜಲ್ಲಿ, ಇದ್ದಿಲು ಸಾಕು. ಸಮಾರಂಭಕ್ಕೆ ಬಾಳೆಯೆಲೆಯೂ ಅಡಕೆಹಾಳೆಯ ತಟ್ಟೆಯೂ ಈ ನಾಡಿನಲ್ಲಿ ದುರ್ಲಭವಲ್ಲ.

ಕಾಪು ತಾಲೂಕಿನ ಶಂಕರಪುರದ ಮಲ್ಲಿಗೆಯು ಇಂದಿಗೂ ಬಾಳೆನಾರಿನಲ್ಲಿ ಕಟ್ಟಿಸಿಕೊಂಡು, ಬಾಳೆಯೆಲೆಯಲ್ಲಿ ಸುತ್ತಿಸಿಕೊಂಡು ಪೇಟೆಗೆ ಬರುವುದು. ಬೆಳೆದವನು, ಕಟ್ಟಿದವಳು, ಮಾರಿದವನು ಯಾರೂ ಮಣ್ಣಿಗೆ ಋಣ ಉಳಿಸಲಿಲ್ಲ. ಕೊನೆಗೆ ಕೊಂಡುಕೊಳ್ಳುವ ವಿದ್ಯಾವಂತನು ಮಾತ್ರ ಅದಕ್ಕೊಂದು ತೊಟ್ಟೆಯನ್ನು ಕೇಳುವನು! ಅದೇ ತಾಲೂಕಿನ ಪಡುಬಿದ್ರಿಯ ಕಡಲತೀರಕ್ಕೆ 2020ರಲ್ಲಿ ನೀಲಿಧ್ವಜದ ಅಂತಾರಾಷ್ಟ್ರೀಯ ಮನ್ನಣೆ ದೊರೆತಾಗ ಜಿಲ್ಲೆಯೆಲ್ಲ ಹಿಗ್ಗಿತು. ಹಿಗ್ಗಿದವರು ಇದನ್ನೂ ನೆನೆಯಬೇಕು: ಊರಿನ ತೋಡುಗಳೆಲ್ಲ ಕಡೆಗೆ ಸೇರುವುದು ಅದೇ ಕಡಲನ್ನು. ಕಡಲಿಗೆ ಬೇಲಿಯಿಲ್ಲ. ಬೇಲಿಯಿರುವುದು ಗೃಹಸ್ಥನ ಮನಸ್ಸಿನಲ್ಲಿ. ಮೊದಲು ಕೀಳತಕ್ಕದ್ದು ಅದನ್ನೇ.