ಗರ್ಭಕೋಶದ ಗಡ್ಡೆಯೂ ಅವಸರದ ಶಸ್ತ್ರವೂ

ಅನಾವಶ್ಯಕವಾಗಿ ಸ್ತ್ರೀಯರ ಗರ್ಭಕೋಶವನ್ನು ತೆಗೆಯುವ ಶಸ್ತ್ರಕ್ರಿಯೆಗಳನ್ನು ತಡೆಯುವುದಕ್ಕಾಗಿ ಕೇಂದ್ರ ಸರಕಾರವು ರಚಿಸಿದ ನಿಯಮಗಳನ್ನು ಮೂರು ತಿಂಗಳೊಳಗೆ ಅಂಗೀಕರಿಸತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 2023ನೆಯ ಇಸವಿ ಏಪ್ರಿಲ್ 5ರಂದು ಸಮಸ್ತ ರಾಜ್ಯಗಳಿಗೂ ಆಜ್ಞಾಪಿಸಿತು. ಬಿಹಾರ, ಛತ್ತೀಸಗಢ, ರಾಜಸ್ಥಾನಗಳ ಬಡ ಹೆಂಗಸರಿಗೆ ಆದ ಅನ್ಯಾಯವನ್ನು ಕುರಿತು ಡಾಕ್ಟರ್ ನರೇಂದ್ರ ಗುಪ್ತರು 2013ರಲ್ಲಿ ಸಲ್ಲಿಸಿದ ಅರ್ಜಿಗೆ ಹತ್ತು ವರ್ಷಗಳ ತರುವಾಯ ಬಂದ ಉತ್ತರವಿದು. ಇದು ಪರಪ್ರಾಂತದ ವ್ಯವಹಾರವೆಂದು ನಮ್ಮವರು ಸುಮ್ಮನಿರುವಂತಿಲ್ಲ. ಕಲಬುರಗಿಯ ತಾಂಡಾಗಳ ಲಂಬಾಣಿ ಹೆಂಗಸರು ಇದೇ ದೂರನ್ನು ಹೊತ್ತು 2017ರಲ್ಲಿ ಬೀದಿಗಿಳಿದು ನ್ಯಾಯ ಕೇಳಿದ್ದನ್ನು ವಾಚಕರು ಮರೆತಿರಲಾರರು.

ಅಗ್ರಲೇಖನದಲ್ಲಿ ಇಂಥ ವಿಷಯವನ್ನು ಎತ್ತುವುದು ಸಭ್ಯತೆಯಲ್ಲವೆಂದು ಕೆಲವು ಮಹಾಶಯರಿಗೆ ತೋರಬಹುದು. ಆದರೆ ಹೆಂಡತಿಯ, ಸೊಸೆಯ, ವಿಧವೆ ತಂಗಿಯ ಶಸ್ತ್ರಕ್ರಿಯೆಯ ಕಾಗದಕ್ಕೆ ರುಜು ಹಾಕಲು ಮುಂದೆ ಬರುವವರು ಈ ಮಹಾಶಯರೇ ಅಲ್ಲವೆ? ರುಜು ಮಾಡುವ ಕೈಗೆ ವಿಷಯದ ಅರಿವು ಬೇಡವೆನ್ನುವುದು ಎಂತಹ ಸಭ್ಯತೆಯೋ ನಾವು ಕಾಣೆವು.

ಹೆಂಗಸರಲ್ಲಿ ಅತಿಯಾದ ರಕ್ತಸ್ರಾವಕ್ಕೆ ಬಹು ಸಾಮಾನ್ಯವಾದ ಕಾರಣಗಳಲ್ಲಿ ಒಂದು ನಾರುಗಡ್ಡೆ. ವೈದ್ಯರು ಇದನ್ನು ಫೈಬ್ರಾಯ್ಡ್ ಎನ್ನುತ್ತಾರೆ. ಗರ್ಭಕೋಶದ ಗೋಡೆಯ ಮಾಂಸಖಂಡವೇ ಒಂದೆಡೆ ನಾರಿನೊಡನೆ ಗಂಟುಕಟ್ಟಿ ಬೆಳೆಯುವುದು ಇದರ ಸ್ವರೂಪ. ಸಾಸಿವೆಕಾಳಿನಷ್ಟೂ ಇರಬಹುದು, ತೆಂಗಿನಕಾಯಿಯನ್ನು ಮೀರಿಯೂ ಇರಬಹುದು. ಒಂದೇ ಇರಬಹುದು, ಹತ್ತಾರು ಇರಬಹುದು. ಗಾತ್ರಕ್ಕಿಂತ ಅದು ಇರುವ ಸ್ಥಾನ ಮುಖ್ಯ. ಒಳಪೊರೆಗೆ ತಗುಲಿದ ಚಿಕ್ಕ ಗಂಟು ತಿಂಗಳು ತಿಂಗಳೂ ರಕ್ತವನ್ನು ಹರಿಸಿ ಹೆಂಗಸನ್ನು ಬಿಳಿಚುವಂತೆ ಮಾಡುತ್ತದೆ, ಕೆಲವರಿಗೆ ಗರ್ಭ ನಿಲ್ಲದಂತೆಯೂ ಮಾಡುತ್ತದೆ; ಹೊರಮೈಯಲ್ಲಿ ಬೆಳೆದ ದೊಡ್ಡ ಗಡ್ಡೆ ಮೂತ್ರಾಶಯವನ್ನು ಒತ್ತುವವರೆಗೆ ತನ್ನ ಇರವನ್ನೇ ತಿಳಿಸದೆ ಇರಬಹುದು. ಅಮೆರಿಕದಲ್ಲಿ 2003ರಲ್ಲಿ ಪ್ರಕಟವಾದ ಒಂದು ಶೋಧನೆಯಂತೆ, ಐವತ್ತು ವಯಸ್ಸಾಗುವಷ್ಟರಲ್ಲಿ ಅಲ್ಲಿಯ ಬಿಳಿಯ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 70 ಮಂದಿಗೂ ಕರಿಯ ಸ್ತ್ರೀಯರಲ್ಲಿ 80ಕ್ಕೂ ಮೇಲ್ಪಟ್ಟವರಿಗೂ ಇಂಥ ಗಡ್ಡೆಗಳಿದ್ದವು. ಅವರಲ್ಲಿ ಬಹುಮಂದಿಗೆ ಯಾವ ಬಾಧೆಯೂ ಇರಲಿಲ್ಲ. ಅಂಡಾಶಯದ ರಸಗಳೇ ಗಡ್ಡೆಗೆ ಆಹಾರ. ಮುಟ್ಟು ನಿಂತಮೇಲೆ ಅದು ತಾನಾಗಿ ಕುಗ್ಗುತ್ತದೆ.

ಹೀಗಿರುವಾಗ ‘ಗಡ್ಡೆ’ ಎಂಬ ಮಾತು ಕಿವಿಗೆ ಬಿದ್ದೊಡನೆ ಮನೆಯವರ ಮನಸ್ಸು ಕ್ಯಾನ್ಸರಿಗೆ ಹಾರುತ್ತದೆ. ಈ ಭೀತಿಯೇ ಕೆಲವು ಆಸ್ಪತ್ರೆಗಳ ಬಂಡವಾಳ. “ಈಗಲೇ ತೆಗೆಸದಿದ್ದರೆ ಮುಂದೆ ಕ್ಯಾನ್ಸರ್ ಆದೀತು” ಎಂಬ ಒಂದೇ ವಾಕ್ಯ ಎಷ್ಟು ಎಕರೆ ಹೊಲವನ್ನು, ಎಷ್ಟು ತೊಲೆ ಬಂಗಾರವನ್ನು ಒತ್ತೆಗೆ ಕಳುಹಿಸಿದೆಯೋ! ನಾರುಗಡ್ಡೆ ಕ್ಯಾನ್ಸರಲ್ಲ, ಅದು ಕ್ಯಾನ್ಸರಾಗಿ ಮಾರ್ಪಡುವುದು ಅತ್ಯಂತ ವಿರಳ. ನಾರುಗಡ್ಡೆಯಂತೆ ತೋರಿ ನಿಜವಾಗಿ ದುಷ್ಟಗಡ್ಡೆಯಾಗಿರುವುದುಂಟು. ಗಡ್ಡೆಗಾಗಿ ಶಸ್ತ್ರಕ್ರಿಯೆಗೆ ಒಳಗಾದ ಸುಮಾರು 350 ಸ್ತ್ರೀಯರಲ್ಲಿ ಒಬ್ಬರಿಗೆ ಹಾಗಿರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು 2014ರಲ್ಲಿ ಅಂದಾಜು ಮಾಡಿತು. ಆದಕಾರಣ ಮುಟ್ಟು ನಿಂತಮೇಲೆ ರಕ್ತ ಕಂಡರೆ ಅಥವಾ ಗಡ್ಡೆ ಬೆಳೆದರೆ ಒಂದು ದಿನವೂ ತಡಮಾಡಕೂಡದು. ಉಳಿದವರಿಗೆ ಯೋಚಿಸಲು, ಎರಡನೆಯ ವೈದ್ಯರನ್ನು ಕೇಳಲು ಸಾಮಾನ್ಯವಾಗಿ ಸಮಯವಿದೆ.

ಬಾಧೆಯಿಲ್ಲದ ಗಡ್ಡೆಯನ್ನು ಆಗಾಗ ಪರೀಕ್ಷಿಸುತ್ತ ಹಾಗೆಯೇ ಬಿಡಬಹುದು. ರಕ್ತ ಹೆಚ್ಚು ಹೋಗುವವರಿಗೆ ಮೊದಲು ಕಬ್ಬಿಣಾಂಶದ ಔಷಧ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 48 ಮಂದಿ ರಕ್ತಹೀನರಾಗಿರುವಾಗ ಇದು ಸಣ್ಣ ಮಾತಲ್ಲ. ಮುಟ್ಟಿನ ದಿನಗಳಲ್ಲಿ ಮಾತ್ರ ತೆಗೆದುಕೊಳ್ಳುವ ಟ್ರಾನೆಕ್ಸಾಮಿಕ್ ಆಮ್ಲದ ಗುಳಿಗೆಗಳಿವೆ. ಗರ್ಭಕೋಶದೊಳಗೆ ಇರಿಸಿ, ಹಲವು ವರ್ಷ ಔಷಧವನ್ನು ಕಣಕಣವಾಗಿ ಸ್ರವಿಸಿ ರಕ್ತವನ್ನು ತಗ್ಗಿಸುವ ಸಾಧನವಿದೆ. ಒಳಕುಹರವನ್ನು ಗಡ್ಡೆ ವಿಕಾರಗೊಳಿಸಿದ್ದರೆ ಅದು ಸರಿಹೋಗದು. ಗಡ್ಡೆಯನ್ನು ಕುಗ್ಗಿಸುವ ಚುಚ್ಚುಮದ್ದು ಎಲುಬನ್ನು ಸವೆಸುವುದರಿಂದ ಕೆಲವೇ ತಿಂಗಳುಗಳ ಉಪಾಯ. ಗಡ್ಡೆಗೆ ಹೋಗುವ ರಕ್ತನಾಳವನ್ನು ಸೂಕ್ಷ್ಮ ಕಣಗಳಿಂದ ಮುಚ್ಚಿ ಅದನ್ನು ಒಣಗಿಸುವ ವಿಧಾನವನ್ನು ಫ್ರಾನ್ಸಿನ ರವಿನಾ ಮತ್ತು ಸಂಗಡಿಗರು 1995ರಲ್ಲಿ ಲೋಕಕ್ಕೆ ತಿಳಿಸಿದರು. ನಮ್ಮ ದೊಡ್ಡ ನಗರಗಳಲ್ಲಿ ಅದೂ ದೊರೆಯುತ್ತದೆ.

ಗರ್ಭಕೋಶವನ್ನು ಉಳಿಸಿ ಗಡ್ಡೆಯನ್ನಷ್ಟೇ ಬಿಡಿಸಿ ತೆಗೆಯುವ ಶಸ್ತ್ರಕ್ರಿಯೆಯಂತೂ ಹೊಸದೇ ಅಲ್ಲ. ಇಂಗ್ಲೆಂಡಿನ ವಿಕ್ಟರ್ ಬಾನಿ ಎಂಬ ಶಸ್ತ್ರವೈದ್ಯರ ಪತ್ನಿಗೆ ಈ ಗಡ್ಡೆಗಳ ದೆಸೆಯಿಂದ ಗರ್ಭಕೋಶವನ್ನೇ ತೆಗೆಯಬೇಕಾಗಿ, ಆ ದಂಪತಿಗಳು ಮಕ್ಕಳಿಲ್ಲದೆ ಉಳಿದರು. ಆತ ತನ್ನ ಆಯುಷ್ಯದ ಬಹುಭಾಗವನ್ನು ಪರರ ಗರ್ಭಕೋಶವನ್ನು ಉಳಿಸುವ ವಿದ್ಯೆಗೇ ಮುಡಿಪಿಟ್ಟರು. 1931ರಲ್ಲಿ ಇಂಥ 403 ಶಸ್ತ್ರಕ್ರಿಯೆಗಳ ಫಲಿತಾಂಶವನ್ನು ಪ್ರಕಟಿಸಿದರು. ಅಂದು ಕೈಚಳಕದಿಂದ ಸಾಧ್ಯವಾದುದು, ದುರ್ಬೀನಿನಂತಹ ನಳಿಕೆಯನ್ನು ಒಳಬಿಟ್ಟು ನೋಡುತ್ತ ಕೆಲಸಮಾಡುವ ಈ ಕಾಲದಲ್ಲಿ ಮೂವತ್ತರ ಹೆಂಗಸಿಗೆ ಏಕೆ ಅಸಾಧ್ಯವೆನಿಸಬೇಕು? ಗಡ್ಡೆ ಮತ್ತೆ ಹುಟ್ಟಬಹುದೆಂಬುದು ನಿಜ. ಅದನ್ನೂ ರೋಗಿಗೆ ಹೇಳಬೇಕು.

ಗರ್ಭಕೋಶವನ್ನು ತೆಗೆಯುವುದೇ ತಪ್ಪೆಂದು ನಾವು ಹೇಳುತ್ತಿಲ್ಲ. ಮಕ್ಕಳ ಅಪೇಕ್ಷೆ ತೀರಿ, ಇತರ ಚಿಕಿತ್ಸೆ ಫಲಿಸದೆ ಬಳಲಿದ ಎಷ್ಟೋ ತಾಯಂದಿರಿಗೆ ಅದು ಪುನರ್ಜನ್ಮವೇ ಆಗಿದೆ. ಆದರೆ 2015–16ರ ಸಮೀಕ್ಷೆಯಲ್ಲಿ, 15ರಿಂದ 49 ವಯಸ್ಸಿನವರಲ್ಲಿ ಈ ಶಸ್ತ್ರಕ್ರಿಯೆಯಾದವರ ಮಧ್ಯಮ ವಯಸ್ಸು 34 ಎಂದು ಕಂಡುಬಂತು. ಮೂರರಲ್ಲಿ ಎರಡು ಪಾಲು ಖಾಸಗಿ ಆಸ್ಪತ್ರೆಗಳಲ್ಲಿ ನಡೆದಿದ್ದವು. ಸಂಗಡವೇ ಅಂಡಾಶಯಗಳನ್ನೂ ತೆಗೆದರೆ ಎಳೆಯ ವಯಸ್ಸಿನಲ್ಲೇ ಎಲುಬು ಸವೆಯುತ್ತದೆ, ಹೃದ್ರೋಗದ ಭಯ ಹೆಚ್ಚುತ್ತದೆ. ಕೂಲಿಯಿಂದ ಬದುಕುವವಳಿಗೆ ಅದರ ಅರ್ಥವೇನೆಂದು ವಿವರಿಸಬೇಕಾಗಿಲ್ಲ.

ಇನ್ನು ರುಜುವಿನ ಮಾತು. ಪರೀಕ್ಷೆಗೆಂದು ಮಾತ್ರ ಒಪ್ಪಿ ಬಂದ ಒಬ್ಬ ಸ್ತ್ರೀ ಪ್ರಜ್ಞೆತಪ್ಪಿ ಮಲಗಿದ್ದಾಗ, ಆಕೆಯ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆಯಲಾಗಿತ್ತು. ಪ್ರಾಪ್ತವಯಸ್ಕಳ ಬದಲಿಗೆ ತಾಯಿ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ತೀರ್ಪಿತ್ತಿತು. ಗಂಡನಿಗಾಗಲಿ ಮಾವನಿಗಾಗಲಿ ಬೇರೊಂದು ನ್ಯಾಯ ಉಂಟೆಂದು ನಾವು ತಿಳಿಯೆವು. ರೋಗಿಗೇ, ಅವಳ ಭಾಷೆಯಲ್ಲೇ, ಬೇರೆ ಮಾರ್ಗಗಳಾವುವು ಎಂಬುದನ್ನು ತಿಳಿಸಿ ಅವಳ ರುಜುವನ್ನೇ ಪಡೆಯಬೇಕು.

ಕೇಂದ್ರದ ನಿಯಮಗಳಂತೆ ಜಿಲ್ಲೆ ಜಿಲ್ಲೆಗೂ ಮೇಲ್ವಿಚಾರಣೆಯ ಸಮಿತಿ ಇರತಕ್ಕದ್ದು. ಕಡತದಲ್ಲಿ ಇರುವ ಸಮಿತಿ ಬೇರೆ, ಕೆಲಸ ಮಾಡುವ ಸಮಿತಿ ಬೇರೆ ಎಂಬುದು ಈ ಲೇಖನವನ್ನು ಓದುವ ಅಧಿಕಾರಿಗಳಿಗೆ ನಮಗಿಂತ ಚೆನ್ನಾಗಿ ಗೊತ್ತು. ಯಾವ ಆಸ್ಪತ್ರೆಯಲ್ಲಿ, ಯಾವ ವಯಸ್ಸಿನವರಿಗೆ, ಯಾವ ಕಾರಣದಿಂದ, ಮೊದಲು ಯಾವ ಔಷಧ ಕೊಟ್ಟು ನೋಡಿದ ಮೇಲೆ ಈ ಶಸ್ತ್ರಕ್ರಿಯೆ ನಡೆಯಿತೆಂಬ ಲೆಕ್ಕವನ್ನು, ರೋಗಿಗಳ ಹೆಸರು ಬಿಟ್ಟು, ತಿಂಗಳಿಗೊಮ್ಮೆ ಪ್ರಕಟಿಸಲಿ. ವಿಮಾ ಯೋಜನೆಗಳ ಮೂಲಕ ಪ್ರಜೆಗಳ ಹಣವೇ ಅಲ್ಲಿ ವೆಚ್ಚವಾಗುತ್ತಿರುವಾಗ ಲೆಕ್ಕ ಕೇಳುವುದು ಅಧಿಕಪ್ರಸಂಗವಲ್ಲ. ಪ್ರಕಟಿಸಲು ಸ್ಥಳವಿಲ್ಲವೆಂದರೆ ನಮ್ಮ ಪತ್ರಿಕೆಯ ಒಂದು ಅಂಕಣವನ್ನು ಶುಲ್ಕವಿಲ್ಲದೆ ಬಿಟ್ಟುಕೊಡಲು ನಾವು ಸಿದ್ಧರಿದ್ದೇವೆ.