ಗಾಳಿ ನೋಡಿ ಇಳಿಯೋರು, ನೋಡದೆ ಇಳಿಸೋರು



ಪಣಂಬೂರು ಬೀಚಲ್ಲಿ ಕೈಟ್‌ಸರ್ಫಿಂಗ್‌ಗೆ ಗಾಳಿ ಹೇಗಿದೆ ಅಂತ ಮೈಸೂರಲ್ಲೇ ಕೂತು ಮೊಬೈಲಲ್ಲಿ ನೋಡಬಹುದು. ಸುಮಾರು 12 ನಾಟ್ ಆದ್ರೂ ಬೇಕು, ಇಲ್ದಿದ್ರೆ ಪಟ ಎಳೆಯಲ್ಲ. ದಡದಿಂದ ಕಡಲ ಕಡೆಗೆ ಬೀಸ್ತಿದ್ರೆ ಇಳಿಯಲೇಬಾರದು, ಆಳಕ್ಕೆ ಎಳ್ಕೊಂಡು ಹೋಗುತ್ತೆ. ಮಳೆಗಾಲದಲ್ಲಂತೂ ಕೆಂಪು ಬಾವುಟ. ಸರಿಯಾಗೇ ಇದೆ, ಆಡೋನ ಜೀವವೂ ಜೀವವೇ.

ಮ್ಯಾನ್‌ಹೋಲಿನ ಗಾಳಿ ಯಾರು ನೋಡ್ತಾರೆ ಸ್ವಾಮಿ? ರಕ್ಷಣೆಯಿಲ್ಲದೆ ಅದಕ್ಕೆ ಮನುಷ್ಯನ್ನ ಇಳಿಸೋದೇ ಅಪರಾಧ ಅಂತ 2013ರ ಕಾಯ್ದೆ ಹೇಳುತ್ತೆ. 2023ರ ಅಕ್ಟೋಬರಲ್ಲಿ ಸುಪ್ರೀಂ ಕೋರ್ಟ್ ಸಾವಿನ ಪರಿಹಾರವನ್ನ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸ್ತು. ಸಾವು ನಿಂತಿಲ್ಲ ಅಂತ ಕೋರ್ಟಿಗೂ ಗೊತ್ತು! ನಮ್ಮ ಮೈಸೂರು 2015ರಲ್ಲಿ ದೇಶದ ನಂಬರ್ ಒನ್ ಸ್ವಚ್ಛ ನಗರ. ಆ ಪೊರಕೆ ಹಿಡಿದ ಕೈಗಳ ಜಾತಿ ಯಾವುದು ಅಂತ ನಾನು ಹೇಳ್ಬೇಕಾ?

ನಿಮ್ಮ ಬೀದೀಲಿ ಮುಚ್ಚಳ ತೆಗೆದು ಮನುಷ್ಯನ್ನ ಇಳಿಸ್ತಿದ್ರೆ ಮೊದಲು ತಡೀರಿ. ವಿಡಿಯೋ ಮಾಡಿ ಜಿಲ್ಲಾಧಿಕಾರಿಗೆ ದೂರು ಕೊಡಿ. ಬೀಚ್ ಫೋಟೋ ಆಮೇಲೆ ಹಾಕ್ಕೊಳ್ಳಿ.